ಏಳು ಸಾವಿರ ಲೀಟರ್ ಕದಡೊ: ಮೋರ್ಬಿಯ ಒಂದು ಕಲ್ಲಿದ್ದಲು ಅನಿಲ ಘಟಕದ ಪ್ರಕರಣ ಅಧ್ಯಯನ

ಕಲ್ಲಿದ್ದಲಿನಿಂದ ಅನಿಲ ತೆಗೆಯುವಾಗ ಹೊರಬೀಳುವ, ಟಾರು ಬೆರೆತ ಕಂದು ನೀರಿಗೆ ಗುಜರಾತಿನ ಮೋರ್ಬಿಯಲ್ಲಿ ‘ಕದಡೊ’ ಎನ್ನುತ್ತಾರೆ. ಕನ್ನಡದ ಕಿವಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ದೇಶದ ಸೆರಾಮಿಕ್ ಟೈಲ್ಸ್‌ನಲ್ಲಿ ಬಹುಪಾಲು ತಯಾರಾಗುವುದು ಮೋರ್ಬಿ–ವಾಂಕಾನೇರ್ ಪಟ್ಟಿಯಲ್ಲಿ. ಬೆಂಗಳೂರಿನ ಫ್ಲ್ಯಾಟಿನಲ್ಲಾಗಲಿ ಹಾವೇರಿ ಕಡೆಯ ಹೊಸ ಮನೆಯಲ್ಲಾಗಲಿ, ಕಾಲಡಿಯ ವಿಟ್ರಿಫೈಡ್ ಟೈಲ್ಸ್ ಅಲ್ಲಿಂದಲೇ ಬಂದಿರುವ ಸಂಭವ ಹೆಚ್ಚು. ಹಾಗಾಗಿ ಈ ಕದಡೊ ನಮಗೆ ಅಷ್ಟೇನೂ ದೂರದ ಸಂಗತಿಯಲ್ಲ.

ಕಾರ್ಖಾನೆಯ ಹೆಸರು, ಜಾಗ, ಮಾಲೀಕರ ವಿವರ ಇಲ್ಲಿಲ್ಲ. ಗುರುತು ಸಿಗಬಾರದೆಂದು ಆ ಪಟ್ಟಿಯ ಇಂಥ ಘಟಕಗಳಲ್ಲಿ ಸಾಮಾನ್ಯವಾಗಿ ಕಾಣುವ ವಿನ್ಯಾಸ ಮತ್ತು ಎಡವಟ್ಟುಗಳನ್ನು ಒಂದೇ ಘಟಕದಲ್ಲಿ ಸೇರಿಸಿ ಬರೆದಿದೆ. ಅಂಕಿಗಳು ದುಂಡಗಿನ ಲೆಕ್ಕದವು, ಯಾರ ಲಾಗ್‌ಬುಕ್ಕಿನ ನಕಲೂ ಅಲ್ಲ. ಲೆಕ್ಕದ ದಾರಿಯನ್ನೂ ಕೊಟ್ಟಿದೆ. ಬೇರೆ ಘಟಕದವರು ತಮ್ಮ ಅಂಕಿ ಹಾಕಿ ನೋಡಿಕೊಳ್ಳಬಹುದು.

ಘಟಕ ಮತ್ತು ಅದರ ನೀರು

ಟೈಲ್ಸ್ ಸುಡುವ ರೋಲರ್ ಗೂಡಿಗೆ 1,200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣತೆ ಬೇಕು, ಅದೂ ಹಗಲೂ ರಾತ್ರಿ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ, ಅಂದರೆ ಪಿಎನ್‌ಜಿ, ದುಬಾರಿ. ಕಲ್ಲಿದ್ದಲು ಅಗ್ಗ. ಆದರೆ ಕಲ್ಲಿದ್ದಲನ್ನು ನೇರವಾಗಿ ಗೂಡಿಗೆ ಹಾಕಿದರೆ ಬೂದಿ ಟೈಲ್ಸ್ ಮೇಲೆ ಕೂರುತ್ತದೆ. ಹಾಗಾಗಿ ಕಲ್ಲಿದ್ದಲನ್ನು ಗಾಳಿ ಮತ್ತು ಹಬೆಯಲ್ಲಿ ಅರೆಬರೆ ಉರಿಸಿ ಪ್ರೊಡ್ಯೂಸರ್ ಗ್ಯಾಸ್ ಮಾಡಿಕೊಂಡು, ಅದನ್ನು ಗೂಡಿನ ಬರ್ನರಿಗೆ ಕೊಡುತ್ತಿದ್ದರು. ಈ ಅನಿಲದ ಶಾಖ ಘನ ಮೀಟರಿಗೆ 1,200 ಕಿಲೋಕ್ಯಾಲರಿ ಸುತ್ತಮುತ್ತ. ಅನಿಲದಲ್ಲಿ ಅರ್ಧದಷ್ಟು ಗಾಳಿಯ ಜತೆ ಸುಮ್ಮನೆ ಬಂದ ನೈಟ್ರೋಜನ್.

ನಮ್ಮ ಘಟಕದಲ್ಲಿ ಎರಡು ಹಂತದ ಸ್ಥಿರ ಹಾಸಿನ ಗ್ಯಾಸಿಫೈಯರುಗಳಿದ್ದವು. ಎರಡೂ ಸೇರಿ ದಿನಕ್ಕೆ 60 ಟನ್ ಕಲ್ಲಿದ್ದಲು ನುಂಗುತ್ತಿದ್ದವು. ಇಂಥ ಗ್ಯಾಸಿಫೈಯರಿನಲ್ಲಿ ಕಲ್ಲಿದ್ದಲು ಮೇಲಿಂದ ಇಳಿಯುತ್ತ ಮೊದಲು ಒಣಗಿ, ಬೆಂದು, ಟಾರು ಬಿಡುತ್ತದೆ; ಕೆಳಗಿಳಿದ ಮೇಲೆ ಬೆಂಕಿಯ ವಲಯದಲ್ಲಿ ಅನಿಲವಾಗುತ್ತದೆ. ಮೇಲಿನ ಅನಿಲ 90ರಿಂದ 120 ಡಿಗ್ರಿಯಲ್ಲಿ ಟಾರಿನ ಮಂಜು ಹೊತ್ತು ಹೊರಬರುತ್ತದೆ. ಕೆಳಗಿನ ಅನಿಲ 500 ಡಿಗ್ರಿ ಮೀರಿರುತ್ತದೆ, ಅದರಲ್ಲಿ ಟಾರು ಕಡಿಮೆ, ದೂಳು ಹೆಚ್ಚು. ಮೇಲಿನದರ ಟಾರನ್ನು ಇಎಸ್‌ಪಿ, ಅಂದರೆ ಹೈ ವೋಲ್ಟೇಜಿನ ವಿದ್ಯುತ್ ಶೋಧಕ, ಹಿಡಿದುಕೊಳ್ಳುತ್ತದೆ. ಆಮೇಲೆ ಎರಡೂ ಅನಿಲ ಸೇರಿ ನೀರು ಚಿಮುಕಿಸುವ ಸ್ಕ್ರಬ್ಬರ್ ಗೋಪುರ ಹೊಕ್ಕು 35 ಡಿಗ್ರಿಗೆ ತಣಿದು ಗೂಡಿನತ್ತ ಹೋಗುತ್ತಿದ್ದವು.

ಅಷ್ಟು ತಣಿಸುವುದಕ್ಕೂ ಕಾರಣವಿತ್ತು. ತಣ್ಣನೆಯ ಅನಿಲದ ಗಾತ್ರ ಕಡಿಮೆ, ಅದನ್ನು ತಳ್ಳುವ ಬೂಸ್ಟರ್ ಫ್ಯಾನ್ ಚಿಕ್ಕದು ಸಾಕು, ಬರ್ನರಿನ ವಾಲ್ವು ಅಂಟುವುದಿಲ್ಲ, ಕೊಳವೆಗೆ ಹೊದಿಕೆ ಬೇಕಿಲ್ಲ. ವಿನ್ಯಾಸ ಮಾಡಿದವರ ಕಣ್ಣು ಗೂಡಿನ ಮೇಲಿತ್ತು. ನೀರಿನ ಲೆಕ್ಕ ಹಾಕಿದವರು ಯಾರೂ ಇರಲಿಲ್ಲ.

ಆ ಲೆಕ್ಕ ಹೀಗಿದೆ. ಕಲ್ಲಿದ್ದಲಿನಲ್ಲಿ ಶೇ 12 ತೇವ ಎಂದುಕೊಂಡರೆ 60 ಟನ್ನಿಗೆ 7.2 ಟನ್ ನೀರು. ಕಿಲೋ ಕಲ್ಲಿದ್ದಲಿಗೆ ಕಾಲು ಕಿಲೋ ಹಬೆಯಂತೆ 15 ಟನ್ ಹಬೆ. ಅದರಲ್ಲಿ ಶೇ 60 ಬೆಂಕಿಯಲ್ಲಿ ಒಡೆದು ಹೈಡ್ರೋಜನ್ ಆದರೂ 6 ಟನ್ ಹಾಗೇ ಉಳಿಯುತ್ತದೆ. ಕಲ್ಲಿದ್ದಲು ಬೇಯುವಾಗಲೇ ಹುಟ್ಟುವ ನೀರು ಇನ್ನೆರಡು ಟನ್. ಒಟ್ಟು ಸುಮಾರು 15 ಟನ್ ನೀರಾವಿ ದಿನಕ್ಕೆ 1,80,000 ನಾರ್ಮಲ್ ಘನ ಮೀಟರ್ (ಸೊನ್ನೆ ಡಿಗ್ರಿ, ವಾತಾವರಣದ ಒತ್ತಡದ ಲೆಕ್ಕದಲ್ಲಿ) ಅನಿಲದಲ್ಲಿ ಹಂಚಿಹೋಗಿರುತ್ತದೆ: ಘನ ಮೀಟರಿಗೆ 84 ಗ್ರಾಂ. ಅಂಥ ಅನಿಲದ ಇಬ್ಬನಿ ಬಿಂದು, ಅಂದರೆ ಆವಿ ನೀರಾಗತೊಡಗುವ ಉಷ್ಣತೆ, ಸರಿಸುಮಾರು 45 ಡಿಗ್ರಿ. 35ಕ್ಕೆ ತಣಿಸಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲದ್ದು 47 ಗ್ರಾಂ ಮಾತ್ರ. ಉಳಿದ 37 ಗ್ರಾಂ ಸ್ಕ್ರಬ್ಬರಿನ ನೀರಿಗಿಳಿಯುತ್ತದೆ. ದಿನಕ್ಕೆ 6,700 ಲೀಟರ್. ಬಾಯಿಮಾತಿನಲ್ಲಿ ಏಳು ಸಾವಿರ.

ಚಳಿಗಾಲದಲ್ಲಿ ಈ ನೀರು ಉಕ್ಕುತ್ತದೆ. ತಂಪು ನೀರಿನಿಂದ ಅನಿಲ 25 ಡಿಗ್ರಿಗೆ ಇಳಿದರೆ ದಿನಕ್ಕೆ ಹತ್ತು ಸಾವಿರ ಲೀಟರ್ ಮೀರುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಅನಿಲ 40ರಲ್ಲೇ ನಿಂತರೆ ನಾಲ್ಕು ಸಾವಿರಕ್ಕಿಂತ ಕಡಿಮೆ. ಹೊರಗೆ ಬಯಲಿನಲ್ಲಿ ಆವಿ ಮಾಡೋಣವೆಂದರೆ ಬಿಸಿಲು ಕಡಿಮೆ ಇರುವ ತಿಂಗಳಲ್ಲೇ ನೀರು ಹೆಚ್ಚು. ಈ ತಲೆಕೆಳಗು ಹೊಂದಿಕೆಯನ್ನು ಘಟಕದವರು ಗಮನಿಸಿದ್ದು ಮೊದಲ ಡಿಸೆಂಬರಿನಲ್ಲಿ ಗುಂಡಿ ತುಂಬಿ ಹರಿದ ಮೇಲೆ.

ಈ ನೀರಿನಲ್ಲಿ ಲೀಟರಿಗೆ 4,000 ಮಿಲಿಗ್ರಾಂ ಫೀನಾಲ್ ಎಂಬ ವಿಷಕಾರಿ ರಾಸಾಯನಿಕ, 20,000 ಮಿಲಿಗ್ರಾಂ ಸಿಒಡಿ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಸುಡಲು ಬೇಕಾದ ಆಮ್ಲಜನಕದ ಅಳತೆ), ಸಾವಿರಗಳ ಲೆಕ್ಕದಲ್ಲಿ ಅಮೋನಿಯಾ, ಜತೆಗೆ ಸಲ್ಫೈಡ್, ಸಯನೈಡ್, ಥಯೊಸಯನೇಟ್. ನದಿ-ಹಳ್ಳಕ್ಕೆ ಬಿಡುವ ನೀರಿಗೆ ಭಾರತದ ಸಾಮಾನ್ಯ ಮಾನದಂಡ ಫೀನಾಲಿಗೆ 1 ಮಿಲಿಗ್ರಾಂ, ಸಿಒಡಿಗೆ 250. ಕುಡಿಯುವ ನೀರಿನಲ್ಲಿ ಫೀನಾಲ್ 0.001 ಮಿಲಿಗ್ರಾಂ ಮೀರಬಾರದು. ಹತ್ತು ಸಾವಿರ ಲೀಟರಿನ ಒಂದು ಟ್ಯಾಂಕರ್ ಕದಡೊವನ್ನು ಕುಡಿಯುವ ಮಟ್ಟಕ್ಕೆ ತೆಳುಮಾಡಲು 4,000 ಕೋಟಿ ಲೀಟರ್ ನೀರು ಬೇಕು. ಅದರ ಮೇಲೆ ಕ್ಲೋರಿನ್ ಬಿದ್ದರೆ ಕ್ಲೋರೊಫೀನಾಲ್ ಆಗಿ, ತೀರ ತೆಳುವಾದರೂ ನಾಲಿಗೆಗೆ ಔಷಧದ ರುಚಿ ಹತ್ತುತ್ತದೆ.

ಮೊದಲ ದಾರಿ: ಬೂದಿಯ ತೊಟ್ಟಿ

ಗ್ಯಾಸಿಫೈಯರಿನ ತಳದಲ್ಲಿ ಬೂದಿ ಬೀಳುವ ನೀರಿನ ತೊಟ್ಟಿ ಇರುತ್ತದೆ. ಅನಿಲ ಕೆಳಗಿನಿಂದ ಸೋರದಂತೆ ಆ ನೀರೇ ತಡೆ. ಬಿಸಿ ಬೂದಿ ಬಿದ್ದಂತೆಲ್ಲ ನೀರು ಆವಿಯಾಗುವುದರಿಂದ ದಿನಾ ಸೇರಿಸುತ್ತಿರಬೇಕು. ಹೇಗೂ ನೀರು ಬೇಕಲ್ಲ ಎಂದು ಕದಡೊವನ್ನು ಅಲ್ಲಿಗೇ ತಿರುಗಿಸಿದರು. ಉಳಿದದ್ದನ್ನು ಅಗಲವಾದ ಕಬ್ಬಿಣದ ತಟ್ಟೆಯಲ್ಲಿ ಕಾಯಿಸಿ ಹಾರಿಸಿದರು. ದಾಖಲೆಯಲ್ಲಿ ‘ಶೂನ್ಯ ವಿಸರ್ಜನೆ’.

ಅಲ್ಲಿ ಮರೆತದ್ದು ಫೀನಾಲಿನ ಒಂದು ಗುಣ. ಶುದ್ಧ ಫೀನಾಲ್ ಕುದಿಯುವುದು 182 ಡಿಗ್ರಿಯಲ್ಲಿ. ಅದಕ್ಕೇ ‘ನೀರು ಹಾರಿಹೋಗುತ್ತದೆ, ಫೀನಾಲ್ ತಳದಲ್ಲಿ ಉಳಿಯುತ್ತದೆ’ ಎಂಬ ನಂಬಿಕೆ. ಆದರೆ ನೀರಿನ ಜತೆಗಿದ್ದಾಗ ಫೀನಾಲ್ ಹಬೆಯ ಬೆನ್ನೇರಿ ಹೋಗುತ್ತದೆ. ಎರಡೂ ಸೇರಿದ ಮಿಶ್ರಣ ನೂರಕ್ಕಿಂತ ಒಂದಿಷ್ಟು ಕೆಳಗೇ ಕುದಿಯುತ್ತದೆ. ತಟ್ಟೆಯಲ್ಲಿ ಕಾಯಿಸಿದ್ದು ಎಂದರೆ ಫೀನಾಲನ್ನು ನೀರಿನಿಂದ ತೆಗೆದು ಕಾರ್ಮಿಕರ ಮೂಗಿಗೆ ಹಾಕಿದಂತಾಯಿತು. ತೊಟ್ಟಿಯ ಬೂದಿಯೂ ಕದಡೊ ಹೀರಿಕೊಂಡೇ ಲಾರಿ ಹತ್ತಿತು. ಅದು ಬಿದ್ದ ಜಾಗದಲ್ಲಿ ಮಳೆ ಬಂದಾಗ ಬಸಿಯಿತು.

ಎರಡನೆಯ ದಾರಿ: ಇಟಿಪಿ

ತಪಾಸಣೆ ಬಿಗಿಯಾದಾಗ ಹಿತ್ತಲಲ್ಲಿ ಇಟಿಪಿ, ಅಂದರೆ ಕೊಳೆನೀರಿನ ಶುದ್ಧೀಕರಣ ಘಟಕ, ಬಂತು. ಮೊದಲು ಟಾರು ತೆಗೆಯುವ ತೊಟ್ಟಿ, ಆಮೇಲೆ ಫೆರಸ್ ಸಲ್ಫೇಟ್ ಮತ್ತು ಸುಣ್ಣ, ಆಮೇಲೆ ಗಾಳಿ ಊದುವ ಜೈವಿಕ ತೊಟ್ಟಿ, ಕೊನೆಗೆ ಇದ್ದಿಲಿನ ಶೋಧಕ. ಕಾಗದದ ಮೇಲೆ ಸರಿಯಾದ ಸಾಲು. ಪ್ರತಿ ಹಂತವೂ ಬೇರೆ ಬೇರೆ ಕಾರಣಕ್ಕೆ ಕೈಕೊಟ್ಟಿತು.

ಟಾರು ನೀರಿಗಿಂತ ಸ್ವಲ್ಪವೇ ಭಾರ, ತಣ್ಣಗಾದರೆ ಗಟ್ಟಿ. ಹಗುರ ಎಣ್ಣೆ ಮೇಲೆ ತೇಲುತ್ತದೆ. ನಡುವೆ ಕಾಫಿಯಂಥ ಎಮಲ್ಶನ್, ಅಂದರೆ ಎಣ್ಣೆ-ನೀರು ಕಲೆಸಿಹೋದ ದ್ರವ. 60–70 ಡಿಗ್ರಿಯಲ್ಲಿ ಒಂದು ಇಡೀ ದಿನ ಅಲುಗದಂತೆ ಬಿಟ್ಟರೆ ಮಾತ್ರ ಬೇರೆಯಾಗುತ್ತದೆ. ಇಲ್ಲಿ ಬಯಲಿನ ತಣ್ಣನೆ ತೊಟ್ಟಿಗೆ ಪಂಪಿನಿಂದ ರಭಸವಾಗಿ ಸುರಿದರು. ಸೆಂಟ್ರಿಫ್ಯೂಗಲ್ ಪಂಪೇ ಎಮಲ್ಶನ್ ಕಡೆಯುವ ಕಡಗೋಲಾಯಿತು. ಎಣ್ಣೆ ಮುಂದಿನ ಹಂತಗಳಿಗೂ ಹೋಗಿ ಇದ್ದಿಲಿಗೆ ಲೇಪ ಹಚ್ಚಿತು.

ರಾಸಾಯನಿಕದಿಂದಲೇ ಸುಟ್ಟುಬಿಡುವ ಫೆಂಟನ್ ವಿಧಾನವನ್ನು ಒಬ್ಬ ಮಾರಾಟಗಾರ ತಂದ. ಬೀಕರಿನಲ್ಲಿ ಬಣ್ಣ ಮಾಯವಾಗಿ ಎಲ್ಲರೂ ಬೆರಗಾದರು. ಸಿಒಡಿಯ ಒಂದು ಗ್ರಾಂ ಕಳೆಯಲು ತತ್ತ್ವಶಃ 2.1 ಗ್ರಾಂ ಹೈಡ್ರೋಜನ್ ಪೆರಾಕ್ಸೈಡ್ ಬೇಕು. ಘನ ಮೀಟರಿಗೆ 20 ಕಿಲೋ ಸಿಒಡಿ, ದಿನಕ್ಕೆ ಏಳು ಘನ ಮೀಟರ್: ಶೇ 50ರ ಪೆರಾಕ್ಸೈಡ್ ದಿನಕ್ಕೆ ಸುಮಾರು 600 ಕಿಲೋ. ಜತೆಗೆ ಪಿಎಚ್ 3ಕ್ಕೆ ಇಳಿಸಲು ಆಮ್ಲ, ಮತ್ತೆ ಏರಿಸಲು ಸುಣ್ಣ, ಕೊನೆಗೆ ಕಬ್ಬಿಣದ ಕೆಸರು. ಈ ಗುಣಾಕಾರವನ್ನು ಬೀಕರ್ ನೋಡುವ ಮೊದಲೇ ಮಾಡಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಜೈವಿಕ ತೊಟ್ಟಿ ಮಾತ್ರ ಸ್ವಲ್ಪ ಭರವಸೆ ಕೊಟ್ಟಿತು. ಫೀನಾಲನ್ನು ತಿನ್ನುವ ಬ್ಯಾಕ್ಟೀರಿಯಾ ಇವೆ. ಆದರೆ ಅವುಗಳಿಗೆ ಫೀನಾಲ್ ಊಟವೂ ಹೌದು, ವಿಷವೂ ಹೌದು. ಇಪ್ಪತ್ತು ಪಟ್ಟು ತೆಳುಮಾಡಿ ಶುರುಮಾಡಿ, ವಾರಗಟ್ಟಲೆ ನಿಧಾನವಾಗಿ ಏರಿಸುತ್ತ ಹೋಗಬೇಕು. ಈ ನೀರಿನಲ್ಲಿ ರಂಜಕವೇ ಇಲ್ಲ, ಫಾಸ್ಫಾರಿಕ್ ಆಮ್ಲ ಹನಿಸಬೇಕು. ಅದನ್ನೆಲ್ಲ ಮಾಡಿದರು. ಮೂರನೆಯ ವಾರ ಯಾರೋ ಟಾರು ತೊಟ್ಟಿ ತೊಳೆದು ಆ ನೀರನ್ನು ಒಮ್ಮೆಲೇ ಇತ್ತ ಬಿಟ್ಟರು. ಮರುದಿನ ಬೆಳಗ್ಗೆ ಕರಗಿದ ಆಮ್ಲಜನಕದ ಮೀಟರ್ ಲೀಟರಿಗೆ 2 ಮಿಲಿಗ್ರಾಂನಿಂದ 6ಕ್ಕೆ ಏರಿತ್ತು. ಆಪರೇಟರ್ ಅದನ್ನು ‘ಆಮ್ಲಜನಕ ಚೆನ್ನಾಗಿದೆ’ ಎಂದು ಬರೆದು ಅಡಿಗೆರೆ ಎಳೆದಿದ್ದ. ಗಾಳಿ ಹೆಚ್ಚಾಗಿರಲಿಲ್ಲ, ಉಸಿರಾಡುವವರು ಸತ್ತಿದ್ದರು. ಬ್ಲೋವರ್ ಬದಲಾಗದೆ ಆಮ್ಲಜನಕ ಏಕಾಏಕಿ ಏರಿದರೆ ಅದು ಅಪಾಯದ ಗಂಟೆ. ತಕ್ಷಣ ಒಳಹರಿವು ನಿಲ್ಲಿಸಬೇಕು. ಇಲ್ಲಿ ಎರಡು ದಿನ ಕದಡೊ ಹರಿಯುತ್ತಲೇ ಇತ್ತು.

ಪ್ರಯೋಗಾಲಯದ ವರದಿಯಲ್ಲೂ ಒಂದು ಮೋಸವಿತ್ತು. ಕಾರ್ಖಾನೆಯ ಮಟ್ಟಿಗೆ ದೊಡ್ಡ ತಿರುವು ಬಂದದ್ದು ಅದರಿಂದ. ಹೊರಹರಿವಿನಲ್ಲಿ ಫೀನಾಲ್ 0.8 ಮಿಲಿಗ್ರಾಂ ಎಂದು ವರದಿ ಬಂತು, ಮಾನದಂಡದೊಳಗೆ. ಅದೇ ಹಾಳೆಯಲ್ಲಿ ಸಿಒಡಿ 600ಕ್ಕೂ ಮೇಲೆ. ಫೀನಾಲಿನ ಗ್ರಾಂಗೆ ಸಿಒಡಿ 2.38 ಗ್ರಾಂ, ಹಾಗಾದರೆ 0.8ಕ್ಕೆ 2 ಮಿಲಿಗ್ರಾಂ ಕೂಡ ಆಗುವುದಿಲ್ಲ. ಉಳಿದದ್ದು ಏನು? ಮೊದಲು ಭಟ್ಟಿ ಇಳಿಸಿ, ನಂತರ 4-ಅಮೈನೊ ಆಂಟಿಪೈರಿನ್ ಹಾಕಿ ಬಣ್ಣ ನೋಡುವ ಪರೀಕ್ಷೆ ಪ್ಯಾರಾ ಕ್ರೆಸಾಲ್ ಎಂಬ ಫೀನಾಲಿನ ಬಂಧುವನ್ನು ಸರಿಯಾಗಿ ಗುರುತಿಸುವುದಿಲ್ಲ. ಕ್ಯಾಟಿಕಾಲ್‌ನಂಥ ಎರಡು ಹೈಡ್ರಾಕ್ಸಿಲ್ ಗುಂಪಿನ ಫೀನಾಲುಗಳು ಭಟ್ಟಿ ಇಳಿಸುವಾಗ ಹಬೆಯ ಜತೆ ಬರುವುದೇ ಇಲ್ಲ. ಕಲ್ಲಿದ್ದಲಿನ ನೀರಿನಲ್ಲಿ ಇವೆರಡೂ ಧಾರಾಳ. ‘ಫೀನಾಲ್ ಪಾಸ್’ ಎಂಬ ಒಂದು ಸಾಲನ್ನು ನಂಬಿ ಕೂತಿದ್ದ ಮೇಲ್ವಿಚಾರಕರು ಪಕ್ಕದ ಸಾಲು ಓದಿದ ದಿನ ಇಟಿಪಿಯ ಮೇಲಿನ ವಿಶ್ವಾಸ ಹೋಯಿತು.

ಮೂರನೆಯ ದಾರಿಯ ಬಗ್ಗೆ ಹೆಚ್ಚು ಬರೆಯಬೇಕಾದ್ದೇನಿಲ್ಲ. ಟ್ಯಾಂಕರಿನವನು ಲೀಟರಿಗೆ ಇಷ್ಟು ಎಂದು ತಗೊಂಡು ಹೋಗುತ್ತಿದ್ದ. ಎಲ್ಲಿ ಖಾಲಿ ಮಾಡುತ್ತಾನೆಂದು ಕೇಳಿದವರಿಲ್ಲ, ತಲುಪಿದ ರಸೀದಿಯೂ ಬರುತ್ತಿರಲಿಲ್ಲ. ತಲುಪಿದ ರಸೀದಿ ಇಲ್ಲದ ಅಪಾಯಕಾರಿ ತ್ಯಾಜ್ಯಕ್ಕೆ ಹಳ್ಳವೇ ಗುರಿ ಎಂದುಕೊಳ್ಳುವುದು ಸುರಕ್ಷಿತ ಊಹೆ.

ನಾಲ್ಕನೆಯ ದಾರಿ: ನೀರು ಹುಟ್ಟದಂತೆ ನೋಡುವುದು

ಹೊಸ ದಾರಿ ತೋರಿಸಿದ್ದು ಮೇಲಿನ 84 ಗ್ರಾಂ ಲೆಕ್ಕ. ಹೊರಗಿಂದ ಬಂದ ಇಂಜಿನಿಯರೊಬ್ಬರು ಇಟಿಪಿ ನೋಡುವ ಮೊದಲು ಸ್ಕ್ರಬ್ಬರಿನ ಹೊರಬಾಯಿಯ ಥರ್ಮಾಮೀಟರ್ ನೋಡಿದರು. ಅನಿಲವನ್ನು ಇಬ್ಬನಿ ಬಿಂದುವಿಗಿಂತ ಮೇಲೆ, 65 ಡಿಗ್ರಿಯಲ್ಲಿ, ಗೂಡಿನವರೆಗೆ ಒಯ್ದರೆ ನೀರಾವಿ, ಫೀನಾಲ್, ಅಮೋನಿಯಾ ಎಲ್ಲ ಬರ್ನರಿಗೇ ಹೋಗುತ್ತವೆ. 1,200 ಡಿಗ್ರಿಯಲ್ಲಿ ಫೀನಾಲ್ ಉಳಿಯುವುದಿಲ್ಲ. ಅಮೋನಿಯಾದ ಒಂದು ಪಾಲು ಸಾರಜನಕದ ಆಕ್ಸೈಡ್ ಆಗಿ ಚಿಮಣಿ ಸೇರುತ್ತದೆ, ಅದು ನಿಜ. ಚಿಮಣಿಯ ಅಳತೆಯಲ್ಲಿ ಅದನ್ನೂ ನೋಡಬೇಕು.

ಹೇಳಿದಷ್ಟು ಸುಲಭವಾಗಿರಲಿಲ್ಲ. 35ರಿಂದ 65ಕ್ಕೆ ಏರಿದರೆ ಅನಿಲದ ಗಾತ್ರ ಶೇ 10 ಹಿಗ್ಗುತ್ತದೆ. ಬೂಸ್ಟರ್ ಫ್ಯಾನ್ ಸಾಲದೆ ಗೂಡಿನ ಒತ್ತಡ ಇಳಿಯಿತು, ಅದರ ತಿರುಗುವ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ಬದಲಾಯಿಸಬೇಕಾಯಿತು. ತೇವ ಹೆಚ್ಚಿದ್ದರಿಂದ ಜ್ವಾಲೆ ಸ್ವಲ್ಪ ತಣ್ಣಗಾಯಿತು, ದಹನದ ಗಾಳಿಯನ್ನು ಮೊದಲೇ ಬಿಸಿಮಾಡಿ ಸರಿದೂಗಿಸಿದರು. ನೀರು ಚಿಮುಕಿಸುವ ಗೋಪುರದ ಬದಲು ಅನಿಲಕ್ಕೆ ತಾಗದೆ ಹೊರಗಿಂದ ತಣಿಸುವ ಕೊಳವೆ ಕೂಲರ್ ಬಂತು. ಅನಿಲದ ಕೊಳವೆಯುದ್ದಕ್ಕೂ ಖನಿಜ ಉಣ್ಣೆಯ ಹೊದಿಕೆ. ಹೊದಿಕೆ ಹಾಕದ ಎರಡೇ ಎರಡು ಬಾಗು ಉಳಿದಿದ್ದವು; ಮೊದಲ ಚಳಿಯಲ್ಲಿ ಟಾರು ಕಟ್ಟಿ ನಿಂತದ್ದು ಅಲ್ಲೇ.

ಎಲ್ಲದಕ್ಕಿಂತ ಹೆಚ್ಚು ಕಾಡಿದ್ದು ಇಎಸ್‌ಪಿ. ಮೊದಲು ಅದು ಬಿಟ್ಟ ಟಾರನ್ನು ಸ್ಕ್ರಬ್ಬರ್ ಹಿಡಿಯುತ್ತಿತ್ತು. ಈಗ ಹಿಂದೆ ಕಾವಲಿಲ್ಲ. ವೋಲ್ಟೇಜ್ ಒಂದು ತಾಸು ಇಳಿದರೂ ಬರ್ನರ್ ಕಟ್ಟುತ್ತದೆ. ಇನ್ಸುಲೇಟರ್ ಪೆಟ್ಟಿಗೆಯನ್ನು ಹಬೆಯ ಕೊಳವೆಯಿಂದ ಅನಿಲಕ್ಕಿಂತ ಬಿಸಿಯಾಗಿಟ್ಟು, ಅದರೊಳಗೆ ನೈಟ್ರೋಜನ್ ಹಾಯಿಸಿ ಟಾರು ಕೂರದಂತೆ ನೋಡಿಕೊಳ್ಳಬೇಕು. ಅನಿಲದಲ್ಲಿ ಆಮ್ಲಜನಕ ಶೇ 1ರ ಹತ್ತಿರ ಬಂದರೆ ವಿದ್ಯುತ್ ತಾನಾಗಿ ಕಡಿದುಹೋಗುವ ಇಂಟರ್‌ಲಾಕ್ ಇರಲೇಬೇಕು. ಒಳಗೆ ಕಿಡಿ, ಸುತ್ತ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್. ಪದೇಪದೇ ಟ್ರಿಪ್ ಆಗುತ್ತದೆಂದು ಈ ಇಂಟರ್‌ಲಾಕನ್ನು ಬೈಪಾಸ್ ಮಾಡುವುದು ಸಾವಿನ ಜತೆ ಚೌಕಾಸಿ.

ಆದರೂ ಕೂಲರಿನಿಂದ, ವಾಟರ್ ಸೀಲುಗಳಿಂದ, ಕೊಳವೆಯ ತಗ್ಗಿನ ತೊಟ್ಟಿಕ್ಕುವ ಡಬ್ಬಿಗಳಿಂದ ದಿನಕ್ಕೆ ಐನೂರು ಲೀಟರಿನಷ್ಟು ನೀರು ಬರುತ್ತಿತ್ತು. ಅದಕ್ಕೆ ಫೀನಾಲ್ ಇವ್ಯಾಪರೇಟರ್ ಇಟ್ಟರು. ಕೆಳ ಹಂತದ 500 ಡಿಗ್ರಿ ಅನಿಲದ ಶಾಖದಿಂದ ಕದಡೊವನ್ನು ಮುಚ್ಚಿದ ಪಾತ್ರೆಯಲ್ಲಿ ಕುದಿಸಿ, ಆ ಹಬೆಯನ್ನು ಗ್ಯಾಸಿಫೈಯರಿನ ಬೀಸುಗಾಳಿಗೆ ಬೆರೆಸುವುದು. ತೆರೆದ ತಟ್ಟೆಯಲ್ಲಿ ಶಾಪವಾಗಿದ್ದ ಗುಣ ಇಲ್ಲಿ ವರವಾಯಿತು: ಫೀನಾಲ್ ಹಬೆಯ ಜತೆ ಏರಿ ಸಾವಿರ ಡಿಗ್ರಿ ಮೀರಿದ ಬೆಂಕಿಯ ಹಾಸನ್ನು ಹಾಯುತ್ತದೆ. ಹಬೆ ಹೇಗೂ ಬೇಕಿತ್ತು, ಅಷ್ಟು ಬಾಯ್ಲರ್ ಹಬೆ ಉಳಿಯಿತು.

ಇದಕ್ಕೂ ಷರತ್ತುಗಳಿವೆ. ಒಳಹೋಗುವ ನೀರಿನಲ್ಲಿ ಟಾರು ಇದ್ದರೆ ಕೊಳವೆಯ ಒಳಮೈಗೆ ಗೋಂದಿನಂಥ ಪದರ ಕಟ್ಟುತ್ತದೆ, ಶಾಖ ಹಾಯುವುದಿಲ್ಲ. ಬಿಸಿ ತೊಟ್ಟಿಯಲ್ಲಿ ಒಂದು ದಿನ ನಿಲ್ಲಿಸಿ ಕೋಕ್ ಚೂರಿನ ಶೋಧಕ ದಾಟಿಸಬೇಕು. ಸಾಗಿಸಲು ಸೆಂಟ್ರಿಫ್ಯೂಗಲ್ ಬೇಡ, ನಿಧಾನದ ಸ್ಕ್ರೂ ಪಂಪು ಬೇಕು. ತಳದಲ್ಲಿ ಕ್ಲೋರೈಡ್, ಥಯೊಸಯನೇಟ್ ಲವಣಗಳು ದಟ್ಟವಾಗುತ್ತವೆ; ಹೊರಗೆ ಬಿಡದಿದ್ದರೆ ಸಾದಾ ಉಕ್ಕಿನ ಕೊಳವೆ ತೂತು ಬೀಳುತ್ತದೆ. ಹೊರತೆಗೆದ ಆ ಗಟ್ಟಿ ದ್ರವ ಅಪಾಯಕಾರಿ ತ್ಯಾಜ್ಯವೇ. ಅದು ಇಎಸ್‌ಪಿಯ ಟಾರಿನ ಉಳಿಕೆಯ ಜತೆ ಸಿಮೆಂಟ್ ಗೂಡಿಗೆ, ಈ ಸಲ ಎರಡೂ ಕಡೆಯ ತೂಕದ ಚೀಟಿಯೊಂದಿಗೆ, ಹೋಯಿತು. ಬೀಸುಗಾಳಿಯ ಕೊಳವೆ ತಣ್ಣಗಾದರೆ ಫೀನಾಲ್ ಹಬೆ ಅಲ್ಲೇ ನೀರಾಗಿ ಬೂದಿ ತೊಟ್ಟಿಗೆ ಇಳಿಯುತ್ತದೆ. ಅಲ್ಲಿಗೂ ಹೊದಿಕೆ ಬೇಕು.

ದೊಡ್ಡ ಸ್ಥಾವರಗಳ ಲೆಕ್ಕ ಬೇರೆ. ಅಮೆರಿಕದ ನಾರ್ತ್ ಡಕೋಟಾದಲ್ಲಿ 1984ರಿಂದ ನಡೆದ ಗ್ರೇಟ್ ಪ್ಲೇನ್ಸ್ ಸ್ಥಾವರ ಇದೇ ಬಗೆಯ ನೀರಿನಿಂದ ಫೀನಾಲ್, ಅಮೋನಿಯಾ ತೆಗೆದು ಮಾರುವಷ್ಟು ದೊಡ್ಡದು. ಉಳಿದ ನೀರು ಅಲ್ಲಿ ಕೂಲಿಂಗ್ ಟವರಿಗೆ. ಅಂಥಲ್ಲಿ ದ್ರಾವಕ ಹಾಕಿ ಫೀನಾಲ್ ಎಳೆಯುವುದು ಲಾಭದ ಮಾತು. ದಿನಕ್ಕೆ ಏಳು ಸಾವಿರ ಲೀಟರಿನ ಘಟಕ ಅದನ್ನು ನಕಲು ಮಾಡಹೊರಟರೆ ದ್ರಾವಕದ ಖರ್ಚಿಗೇ ಮುಳುಗುತ್ತದೆ. ಭಾರತ 2030ಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲವಾಗಿಸುವ ಗುರಿ ಇಟ್ಟುಕೊಂಡಿರುವಾಗ, ಯಾವ ಗಾತ್ರಕ್ಕೆ ಯಾವ ದಾರಿ ಎಂಬ ಪ್ರಶ್ನೆ ಮತ್ತೆ ಏಳುತ್ತದೆ. 1,400 ಡಿಗ್ರಿಯ ಆಸುಪಾಸಿನಲ್ಲಿ ಪುಡಿಯನ್ನು ಉರಿಸುವ ಗ್ಯಾಸಿಫೈಯರಿನಲ್ಲಿ ಟಾರು, ಫೀನಾಲ್ ಉಳಿಯುವುದೇ ಇಲ್ಲ. ಅಲ್ಲಿನ ತಲೆನೋವು ಅಮೋನಿಯಾ, ಸಯನೈಡ್ ಇರುವ ಕಪ್ಪು ನೀರು.

ಬಾಗಿಲು ಮುಚ್ಚಿದ್ದು

2019ರ ಮಾರ್ಚ್ 6ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮೋರ್ಬಿ–ವಾಂಕಾನೇರ್‌ನ ಎಲ್ಲ ಕಲ್ಲಿದ್ದಲು ಗ್ಯಾಸಿಫೈಯರುಗಳನ್ನು ಮುಚ್ಚಲು ಆದೇಶಿಸಿತು. ಪಿಎನ್‌ಜಿಗೆ ಬದಲಾಯಿಸಿಕೊಂಡು ಕಾರ್ಖಾನೆ ನಡೆಸುವ ಅವಕಾಶ ಬಿಟ್ಟಿತು. ನೀರನ್ನು ಸರಿಮಾಡಿಕೊಂಡಿದ್ದ ನಮ್ಮ ಘಟಕವೂ ಉಳಿದವರ ಜತೆ ಮುಚ್ಚಿತು. ಅನ್ಯಾಯ ಎಂದು ಅವರಿಗೆ ಅನ್ನಿಸಿದ್ದು ಸಹಜ. ಆದರೆ ನೂರಾರು ಘಟಕಗಳಲ್ಲಿ ಯಾವುದರ ನೀರು ಬೆಂಕಿಗೆ ಹೋಯಿತು, ಯಾವುದರದು ರಾತ್ರಿ ಹಳ್ಳಕ್ಕೆ ಹೋಯಿತು ಎಂದು ಹೊರಗಿನಿಂದ ಹೇಳಲು ಅಳತೆಯೇ ಇರಲಿಲ್ಲ. ಅನಿಲದ ಉಷ್ಣತೆ, ಕಲ್ಲಿದ್ದಲಿನ ತೂಕ, ಹಬೆಯ ಮೀಟರ್, ಈ ಮೂರನ್ನು ದಿನಾ ಬರೆದಿಟ್ಟರೆ ಎಷ್ಟು ಕದಡೊ ಹುಟ್ಟಿರಬೇಕೆಂದು ಯಾರು ಬೇಕಾದರೂ ಲೆಕ್ಕ ಹಾಕಬಹುದಿತ್ತು. ಅದನ್ನು ಯಾರೂ ಕೇಳಲಿಲ್ಲ, ಕಾರ್ಖಾನೆಗಳೂ ತಾವಾಗಿ ಕೊಡಲಿಲ್ಲ.

ಪಿಎನ್‌ಜಿಗೆ ಬದಲಾಗುವ ಕೆಲಸ ಬೇಗ ಮುಗಿಯಿತು. ಅದರ ಶಾಖ ಪ್ರೊಡ್ಯೂಸರ್ ಗ್ಯಾಸಿನ ಏಳು ಪಟ್ಟು, ಹಾಗಾಗಿ ಬರ್ನರ್, ಕೊಳವೆ ಎಲ್ಲ ಸಣ್ಣವು. ಹಳೆಯದನ್ನು ಬಿಚ್ಚುವುದಕ್ಕೇ ಹೆಚ್ಚು ದಿನ ಹಿಡಿಯಿತು. ಮ್ಯಾನ್‌ಹೋಲ್ ತೆರೆಯುವ ಮುನ್ನ ಹಬೆ ಹಾಯಿಸಿ, ಕಾರ್ಬನ್ ಮಾನಾಕ್ಸೈಡ್ ಮತ್ತು ಬೆಂಜೀನ್ ಅಳೆದು, ಗಾಳಿಯ ಮುಖವಾಡ ಹಾಕಿಕೊಂಡೇ ಒಳಗಿಳಿದರು. ಟಾರು ಗುಂಡಿಯ ತಳದ ಕಾಂಕ್ರೀಟ್ ಒಡೆದಾಗ ಅದರ ಬಿರುಕಿನುದ್ದಕ್ಕೂ ಒಂದು ಅಡಿ ಆಳದ ಮಣ್ಣು ಕಂದಾಗಿತ್ತು. ಅದನ್ನೂ ತ್ಯಾಜ್ಯವೆಂದು ಅಗೆದು ಕಳಿಸಬೇಕಾಯಿತು. ಕೊನೆಗೆ ಗುಜರಿಯವನು ಅನಿಲದ ಕೊಳವೆ ಕತ್ತರಿಸಿ ಲಾರಿಗೆ ಹೇರುವಾಗ, ನಕ್ಷೆಯಲ್ಲಿ ಇಲ್ಲದ ಒಂದು ತೊಟ್ಟಿಕ್ಕುವ ಡಬ್ಬಿ ಗೋಡೆಯ ಹಿಂದೆ ಸಿಕ್ಕಿತು. ಅದರ ವಾಲ್ವು ಅರ್ಧ ತೆರೆದಿತ್ತು, ಕೆಳಗೆ ಚರಂಡಿ.